ಒಡೆದ ಕಟ್ಟೆಯ ನಷ್ಟ ಯಾರದು? ಹರಿಹರದ ಒಂದು ಕರಾರು ಶಾಸನ

ಕೆರೆ, ಕಾಲುವೆ, ದೇವಾಲಯಗಳ ನಿರ್ಮಾಣವನ್ನು ಹೇಳುವ ಶಾಸನಗಳನ್ನು ನಾವು ಸಾಮಾನ್ಯವಾಗಿ ದಾನಶಾಸನಗಳೆಂದೇ ಓದುತ್ತ ಬಂದಿದ್ದೇವೆ. ಕಟ್ಟಿಸಿದವರು ಯಾರು, ಯಾವ ಅರಸನ ಕಾಲ, ಎಷ್ಟು ಭೂಮಿಯನ್ನು ಬಿಟ್ಟರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಶಾಸನದ ಪ್ರಯೋಜನ ತೀರಿತೆಂದು ಭಾವಿಸುತ್ತೇವೆ. ಕಟ್ಟಿದ್ದು ಕೆಟ್ಟರೆ ನಷ್ಟ ಯಾರದು ಎಂದು ಕೇಳುವುದು ಅಪರೂಪ. ಆದರೆ ಕಟ್ಟಡದ ವ್ಯವಹಾರದಲ್ಲಿ ವ್ಯಾಜ್ಯ ಹುಟ್ಟುವುದು ಈ ಪ್ರಶ್ನೆಯಿಂದಲೇ. ಹರಿಹರಕ್ಕೆ ಸಂಬಂಧಿಸಿದ ಕ್ರಿ.ಶ. 1410 ಮತ್ತು 1424ರ ಎರಡು ಶಾಸನಗಳನ್ನು ಈ ದೃಷ್ಟಿಯಿಂದ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಎರಡೂ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಶಾಸನಗಳೊಡನೆ ಪ್ರಕಟವಾಗಿವೆ.

ಮೊದಲು ಆ ಕಾಲದ ವ್ಯವಹಾರಶಾಸ್ತ್ರವನ್ನು ಸಂಕ್ಷೇಪವಾಗಿ ನೋಡಬೇಕು. ಕೆರೆಯನ್ನು ಒಡೆದವನ ವಿಷಯದಲ್ಲಿ ಮನುಸ್ಮೃತಿ ನಿಷ್ಠುರವಾಗಿದೆ. ಅವನಿಗೆ ಮರಣದಂಡನೆಯಾಗಬೇಕು, ಇಲ್ಲವೇ ಒಡೆದುದನ್ನು ಅವನೇ ಸರಿಪಡಿಸಿ ಅತ್ಯುಚ್ಚ ದಂಡವನ್ನೂ ತೆರಬೇಕು. ಇದು ಅಪರಾಧಿ ಕಣ್ಣೆದುರಿಗೆ ಇರುವ ಸಂದರ್ಭದ ಮಾತು. ಅಪರಾಧಿಯೇ ಇಲ್ಲದೆ, ಪ್ರವಾಹದಿಂದಲೋ ಕಟ್ಟಡದ ದೌರ್ಬಲ್ಯದಿಂದಲೋ ಕಟ್ಟೆ ಒಡೆದರೆ ಈ ವಿಧಿಯಿಂದ ಪ್ರಯೋಜನವಿಲ್ಲ.

ಅಂಥ ಸಂದರ್ಭಕ್ಕೆ ಒದಗುವ ವಿಚಾರಗಳು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿವೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಸರಕನ್ನು ಹೊತ್ತೊಯ್ಯುವವನ ಕೈಯಲ್ಲಿ ಅದು ಹಾಳಾದರೆ ಅವನು ತೆರಬೇಕು. ಆದರೆ ಹಾನಿಯು ರಾಜನಿಂದ ಅಥವಾ ದೈವದಿಂದ ಆದುದಾದರೆ ತೆರಬೇಕಾಗಿಲ್ಲ. ಇದು ಮೊದಲನೆಯದು. ಎರಡನೆಯದು ಸಂಭೂಯಸಮುತ್ಥಾನ, ಅಂದರೆ ಹಲವರು ಕೂಡಿ ನಡೆಸುವ ಉದ್ಯಮ. ಇಲ್ಲಿ ಲಾಭನಷ್ಟಗಳು ಹಾಕಿದ ಬಂಡವಾಳಕ್ಕೆ ಅನುಸಾರವಾಗಿ, ಅಥವಾ ಮೊದಲೇ ಮಾಡಿಕೊಂಡ ಕರಾರಿಗೆ ಅನುಸಾರವಾಗಿ ಹಂಚಿಕೆಯಾಗುತ್ತವೆ. ಬೇಡವೆಂದುದನ್ನು ಮಾಡಿ, ಹೇಳದೆ ಇದ್ದುದನ್ನು ಮಾಡಿ ಅಥವಾ ಅಜಾಗರೂಕತೆಯಿಂದ ಕೆಡಿಸಿದವನು ಮಾತ್ರ ಆ ನಷ್ಟವನ್ನು ತಾನೊಬ್ಬನೇ ಹೊರಬೇಕು. ಈ ವಿಧಿ ವರ್ತಕರಿಗಷ್ಟೇ ಸೀಮಿತವಲ್ಲ. ಋತ್ವಿಜರಿಗೂ ಕೃಷಿಕರಿಗೂ ಕುಶಲಕರ್ಮಿಗಳಿಗೂ ಅನ್ವಯಿಸುತ್ತದೆಂದು ಸ್ಮೃತಿಯೇ ಹೇಳುತ್ತದೆ. ಬೃಹಸ್ಪತಿಸ್ಮೃತಿ ಇನ್ನೂ ಮುಂದೆ ಹೋಗಿ, ಮನೆ, ದೇವಾಲಯ, ಕೊಳಗಳನ್ನು ಕೂಡಿ ಕಟ್ಟುವವರಲ್ಲಿ ಮುಖ್ಯಸ್ಥನಿಗೆ ಎರಡು ಪಾಲು ಸಲ್ಲಬೇಕೆಂದು ವಿಧಿಸುತ್ತದೆ.

ಈ ಹಿನ್ನೆಲೆಯಲ್ಲಿ ಹರಿಹರದ ಶಾಸನದ ಮಹತ್ವ ಸ್ಪಷ್ಟವಾಗುತ್ತದೆ. ಸೂಳೆಕೆರೆಯಿಂದ ಹೊರಟು ತುಂಗಭದ್ರೆಯನ್ನು ಸೇರುವ ಹರಿದ್ರಾ ನದಿಗೆ ಅಣೆಯನ್ನು ಕಟ್ಟಿ ಹರಿಹರಕ್ಕೆ ಕಾಲುವೆಯನ್ನು ತರುವ ಉದ್ಯಮ ಅದು. ಪಕ್ಷಗಳು ಎರಡು: ಹರಿಹರದೇವರ ಭಂಡಾರ ಮತ್ತು ಆ ಊರಿನ ಬ್ರಾಹ್ಮಣರು. ಕಾಲುವೆಯ ನೀರುಣ್ಣುವ ಭೂಮಿಯಲ್ಲಿ ಮೂರರಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಬ್ರಾಹ್ಮಣರಿಗೆ. ಕಟ್ಟುವ ವೆಚ್ಚವೂ ಇದೇ ಪ್ರಮಾಣದಲ್ಲಿ. ಮುಂದೆ ಕಟ್ಟೆ ಒಡೆದರೆ ದುರಸ್ತಿಯ ವೆಚ್ಚವೂ ಇದೇ ಪ್ರಮಾಣದಲ್ಲಿ.

ಈ ಕೊನೆಯ ಷರತ್ತೇ ನಮ್ಮ ಚರ್ಚೆಯ ಕೇಂದ್ರ. ಕಟ್ಟುವ ಹೊತ್ತಿನಲ್ಲಿಯೇ ಒಡೆಯುವ ದಿನವನ್ನು ಊಹಿಸಿ, ತಪ್ಪು ಯಾರದೆಂಬ ವಿಚಾರಣೆಗೆ ಎಡೆಯಿಲ್ಲದಂತೆ ಹೊಣೆಯನ್ನು ಹಂಚಿಡಲಾಗಿದೆ. ಹಂಚಿಕೆಯ ಸೂತ್ರವೂ ಸರಳ: ಲಾಭ ಎಷ್ಟೋ ನಷ್ಟವೂ ಅಷ್ಟು. ಈ ಕರಾರನ್ನು ಬರೆದವರು ಮಿತಾಕ್ಷರೆಯನ್ನು ಮುಂದಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಶಾಸ್ತ್ರ ಹೇಳುವ ತತ್ತ್ವ ಮತ್ತು ಊರಿನವರ ವ್ಯವಹಾರಜ್ಞಾನ ಒಂದೇ ನೆಲೆಗೆ ಬಂದಿವೆ ಎಂಬುದಷ್ಟೇ ನನ್ನ ಅಭಿಪ್ರಾಯ.

ಕನ್ನಡನಾಡಿನ ಇತರ ಪದ್ಧತಿಗಳೂ ಇದನ್ನು ಸಮರ್ಥಿಸುತ್ತವೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿದವನಿಗೆ ಕೊಡುತ್ತಿದ್ದ ಕಟ್ಟುಗೊಡಗೆ ಮತ್ತು ದಸವಂದಗಳು ಆ ಕೆರೆಯ ಕೆಳಗಿನ ಭೂಮಿಯನ್ನೋ ಫಲದ ಒಂದಂಶವನ್ನೋ ಅವನಿಗೆ ಒದಗಿಸುತ್ತಿದ್ದವು. ಹಣ ಪಡೆದು ಹೊರಟುಹೋಗುವವನು ಬೇರೆ, ಆ ನೀರಿನಿಂದಲೇ ಬದುಕಬೇಕಾದವನು ಬೇರೆ. ಏರಿ ಒಡೆದರೆ ಮೊದಲು ಒಣಗುವುದು ಎರಡನೆಯವನ ಗದ್ದೆ. ಹೊಣೆಗಾರಿಕೆಯನ್ನು ದಂಡದ ಭಯದಿಂದಲ್ಲ, ಪಾಲುದಾರಿಕೆಯಿಂದ ಸಾಧಿಸಿದ ಕ್ರಮವಿದು.

ಇದೇ ವಿಜಯನಗರ ಕಾಲದ ಮತ್ತೊಂದು ಶಾಸನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿದೆ. ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕಟ್ಟಿಸಿದ ಕೆರೆಯ ವಿಷಯವನ್ನು ತಿಳಿಸುವ ಇದು ಕ್ರಿ.ಶ. 1369ರದು. ದಿನವೊಂದಕ್ಕೆ 1000 ಮಂದಿ ಆಳುಗಳು ಮತ್ತು 100 ಬಂಡಿಗಳಂತೆ 2 ವರ್ಷ ಕೆಲಸ ನಡೆಯಿತೆಂದು ಹೇಳಿ, ಕೆರೆಗೆ ಬೇಕಾದ 12 ಅಂಗಗಳನ್ನೂ ತಟ್ಟಬಹುದಾದ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಜಿನುಗುವುದು, ಸವುಳು ನೆಲ, ನಡುವೆ ಉಬ್ಬು, ನೀರಿಗೂ ನೆಲಕ್ಕೂ ಹೊಂದಿಕೆಯಿಲ್ಲದಿರುವುದು ಇವೆಲ್ಲ ಶಿಲ್ಪದ ದೋಷಗಳು. ಆದರೆ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವೆಂದು ಶಾಸನ ಎಣಿಸುತ್ತದೆ. ಇದು ಶಿಲ್ಪದ ದೋಷವಲ್ಲ, ವ್ಯವಹಾರದ ದೋಷ. ಹೊಣೆಯನ್ನು ಹಂಚಬಲ್ಲ ಒಂದೇ ಅಧಿಕಾರವಿಲ್ಲದ ಕಡೆ ಕಟ್ಟಡ ಎಷ್ಟು ಗಟ್ಟಿಯಾಗಿದ್ದರೂ ವ್ಯಾಜ್ಯ ತಪ್ಪದು. ಕನ್ನಂಬಾಡಿಯ ಅಣೆಕಟ್ಟಿನ ವಿಷಯದಲ್ಲಿ ಮೈಸೂರು ಮತ್ತು ಮದರಾಸುಗಳ ನಡುವೆ 1914ರಲ್ಲಿ ಪಂಚಾಯ್ತಿ ತೀರ್ಪು ಬಂದರೂ ವಿವಾದ ನಿಲ್ಲದೆ, 1924ರ ಒಪ್ಪಂದದವರೆಗೆ ಎಳೆದುದನ್ನು ನೆನೆದರೆ ಈ ಮಾತಿನ ದೂರದೃಷ್ಟಿ ತಿಳಿಯುತ್ತದೆ.

ಈಗ ಹರಿಹರಕ್ಕೆ ಮರಳೋಣ. ಕರಾರಾದ 14 ವರ್ಷಗಳೊಳಗೆ ಅಣೆ ಒಡೆಯಿತು. 1424ರ ಶಾಸನದಂತೆ ಅದನ್ನು ಮತ್ತೆ ಕಟ್ಟಿಸಿದವನು ದೇವರಾಯನ ಸೇನಾಧಿಕಾರಿ ಚಾಮನೃಪ. ಎರಡಕ್ಕೊಂದರ ಕರಾರು ಹಾಗಾದರೆ ವಿಫಲವಾಯಿತೆ? ಅವಸರದ ತೀರ್ಮಾನ ಸಲ್ಲದು. ಶಾಸನವೆಂಬುದು ದಾನಿಯ ಕೀರ್ತಿಗಾಗಿ ಹುಟ್ಟುವ ದಾಖಲೆ. ಕರಾರಿನಂತೆ ಪಾಲು ಹಾಕಿ ಸದ್ದಿಲ್ಲದೆ ಮಾಡಿಸಿದ ದುರಸ್ತಿ ಕಲ್ಲಿಗೇರುವುದಿಲ್ಲ. ಪಾಲುದಾರರ ಶಕ್ತಿಗೆ ಮೀರಿದಾಗ ಹೊರಗಿನಿಂದ ಬಂದ ನೆರವು ಕಲ್ಲಿಗೇರುತ್ತದೆ. ಕರಾರು ನಷ್ಟವನ್ನು ಹಂಚಬಲ್ಲದು, ಹೊರುವ ಶಕ್ತಿಯನ್ನು ಕೊಡಲಾರದು. ಈ ಮಿತಿಯನ್ನು ಎರಡು ಶಾಸನಗಳು ಒಟ್ಟಾಗಿ ತೋರಿಸುತ್ತವೆ. ಒಂದನ್ನೇ ಓದಿದರೆ ಆದರ್ಶ ಕಾಣುತ್ತದೆ, ಇಲ್ಲವೇ ಔದಾರ್ಯ ಕಾಣುತ್ತದೆ, ವ್ಯವಹಾರ ಕಾಣುವುದಿಲ್ಲ.

ಇನ್ನೊಂದು ಅಂಶವನ್ನೂ ಮರೆಯಬಾರದು. 1410ರ ಕರಾರಿನಲ್ಲಿ ಹೊಣೆ ಇರುವುದು ಫಲವನ್ನುಣ್ಣುವ ಒಡೆಯರ ಮೇಲೆ. ಮಣ್ಣು ಹೊತ್ತವರಿಗೆ, ಕಲ್ಲು ಕಡಿದವರಿಗೆ ಭೂಮಿಯಲ್ಲಿ ಪಾಲಿಲ್ಲ. ಒಡೆದ ಕಟ್ಟೆಯ ನಷ್ಟವೂ ಅವರದಲ್ಲ. 1872ರ ಭಾರತೀಯ ಕರಾರು ಕಾಯಿದೆಯ ನಂತರದ ಗುತ್ತಿಗೆ ಪದ್ಧತಿಯಲ್ಲಿ ಒಡೆಯ ಮತ್ತು ಕಟ್ಟುವವನು ಎದುರಾಳಿಗಳಾಗಿ ನಿಂತರು; ಕೆಲಸದ ದೋಷದ ಹೊಣೆ ಬಹುಮಟ್ಟಿಗೆ ಗುತ್ತಿಗೆದಾರನ ಮೇಲೆ ಬಿತ್ತು. ಆದರೆ ಹಳೆಯ ಪ್ರಶ್ನೆಗಳು ಮಾಯವಾಗಲಿಲ್ಲ. ಕಲ್ಕತ್ತೆಯ ಒಂದು ಬಡಾವಣೆಯಲ್ಲಿ ರಸ್ತೆ, ಚರಂಡಿಗಳನ್ನು ಮಾಡಿಕೊಡಲು ಒಪ್ಪಿದ್ದ ಕಂಪನಿಯೊಂದು, ಯುದ್ಧಕಾಲದಲ್ಲಿ ಸರಕಾರ ಆ ಭೂಮಿಯನ್ನು ತಾತ್ಕಾಲಿಕವಾಗಿ ವಶಪಡಿಸಿಕೊಂಡ ಕಾರಣ ಕರಾರು ರದ್ದಾಯಿತೆಂದು ವಾದಿಸಿತು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಸತ್ಯವ್ರತ ಘೋಷ್ ಮೊಕದ್ದಮೆಯಲ್ಲಿ ಆ ವಾದವನ್ನು ಒಪ್ಪಲಿಲ್ಲ. ರಾಜನಿಂದ ಬಂದ ಅಡ್ಡಿ ಎಲ್ಲಿಯವರೆಗೆ ವಿನಾಯಿತಿ ಕೊಡುತ್ತದೆ ಎಂಬುದೇ ಅಲ್ಲಿಯೂ ಇದ್ದ ಪ್ರಶ್ನೆ.

ಕೆರೆಕಟ್ಟೆಗಳ ಶಾಸನಗಳು ಇಂದಿನ ರಾಜ್ಯದ ಎಲ್ಲೆಯೊಳಗಷ್ಟೇ ಇಲ್ಲ. ಆಂಧ್ರ, ತೆಲಂಗಾಣ, ದಕ್ಷಿಣ ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಕೆಲಸ ಮಾಡುವ ಕನ್ನಡ ಸಂಶೋಧಕರಿಗೆ ಅವು ಹತ್ತಿರದಲ್ಲಿಯೇ ಇವೆ. ದಾನಿಯ ಹೆಸರನ್ನು ಗುರುತಿಸಿದ ಮೇಲೆ ಅಲ್ಲಿಗೇ ನಿಲ್ಲದೆ, ವೆಚ್ಚದ ಪಾಲು, ಫಲದ ಪಾಲು, ದುರಸ್ತಿಯ ಪಾಲು ಈ ಮೂರನ್ನೂ ಅಕ್ಕಪಕ್ಕದಲ್ಲಿ ಬರೆದುಕೊಂಡು ಓದಬೇಕು. ಮೂರೂ ಹೊಂದುವ ಕಡೆ ಒಂದು ನ್ಯಾಯವಿದೆ; ಹೊಂದದ ಕಡೆ ಒಂದು ವ್ಯಾಜ್ಯ ಅಡಗಿದೆ.