ಸತತ ಮೂವತ್ತಮೂರು: ಲಾಸ್ ಏಂಜಲೀಸ್ ಲೇಕರ್ಸ್ ತಂಡದ 1971-72ರ ಸೀಸನ್ ಕುರಿತ ಮರುಪರಿಶೀಲನೆ

1971ರ ನವೆಂಬರ್ 5ರಿಂದ 1972ರ ಜನವರಿ 7ರವರೆಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಸತತ 33 ಗೆಲುವು. ಅದೇ ಸೀಸನ್‌ನಲ್ಲಿ ಆ ತಂಡ ಮಾಡಿದ ಒಟ್ಟು 69 ಗೆಲುವುಗಳ ದಾಖಲೆಯನ್ನು ಮುಂದೆ ಶಿಕಾಗೊ ಬುಲ್ಸ್ (1995-96, 72 ಗೆಲುವು) ಮುರಿಯಿತು. ಅದನ್ನೂ ಗೋಲ್ಡನ್ ಸ್ಟೇಟ್ ವಾರಿಯರ್ಸ್ (2015-16, 73 ಗೆಲುವು) ಮೀರಿಸಿತು. ಮೂವತ್ತಮೂರರ ಹತ್ತಿರ ಮಾತ್ರ ಯಾರೂ ಸುಳಿದಿಲ್ಲ. ಅದೇ ವಾರಿಯರ್ಸ್ ಎರಡು ಸೀಸನ್‌ಗಳನ್ನು ಕೂಡಿಸಿಕೊಂಡರೂ 28ಕ್ಕೆ ನಿಂತಿತು.

ಈ ಸರಣಿಗೆ ರೂಢಿಯಲ್ಲಿರುವ ವಿವರಣೆ ಸರಳವಾದದ್ದು: ಎಲ್ಜಿನ್ ಬೇಲರ್ ಹೋದರು, ಗೆಲುವು ಬಂತು. 1958ರಿಂದ ಲೇಕರ್ಸ್‌ಗೆ ಆಡುತ್ತಿದ್ದ, ಎಂಟು ಬಾರಿ ಫೈನಲ್‌ನಲ್ಲಿ ಸೋತಿದ್ದ ಬೇಲರ್ ಅವರಿಗೆ ಆಗ 37 ವರ್ಷ. ಗಾಯಗಳಿಂದ ಕಾಲು ಸೋತಿತ್ತು. ಸೀಸನ್‌ನ ಒಂಬತ್ತು ಪಂದ್ಯಗಳಾದ ಮೇಲೆ ನಿವೃತ್ತಿ ಘೋಷಿಸಿದರು. ಮರುದಿನ ಬಾಲ್ಟಿಮೋರ್ ಬುಲೆಟ್ಸ್ ವಿರುದ್ಧ 110-106ರಿಂದ ಗೆಲುವಿನ ಓಟ ಶುರುವಾಯಿತು. ತಾರೀಖುಗಳು ಇಷ್ಟು ಅಚ್ಚುಕಟ್ಟಾಗಿ ಕೂಡಿಬಂದಾಗ ಕಾರಣ ಹುಡುಕುವ ಶ್ರಮ ಯಾರಿಗೆ ಬೇಕು? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ಈ ವಿವರಣೆ ಪೂರ್ತಿ ಸುಳ್ಳಲ್ಲ. ಬೇಲರ್ ಜಾಗಕ್ಕೆ ಬಂದ ಜಿಮ್ ಮ್ಯಾಕ್‌ಮಿಲಿಯನ್ ಎರಡನೆಯ ವರ್ಷದ ಆಟಗಾರ. ಓಡಬಲ್ಲವರು, ಓಡಿದರು, ಪಂದ್ಯಕ್ಕೆ ಸರಾಸರಿ 18.8 ಅಂಕ ಗಳಿಸಿದರು. ಆದರೆ ಸೀಸನ್ನನ್ನು ಮೂರು ತುಂಡು ಮಾಡಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಬೇಲರ್ ಇದ್ದಾಗ 6 ಗೆಲುವು, 3 ಸೋಲು. ನಂತರದ 33 ಪಂದ್ಯಗಳಲ್ಲಿ ಸೋಲಿಲ್ಲ. ಜನವರಿ 9ರಂದು ಮಿಲ್ವಾಕಿ ಬಕ್ಸ್ 120-104ರಿಂದ ಸರಣಿಯನ್ನು ಮುರಿಯಿತು. ಆ ಪಂದ್ಯವನ್ನು ಬಿಟ್ಟು ಉಳಿದ 39ರಲ್ಲಿ 30 ಗೆಲುವು, 9 ಸೋಲು. ಬೇಲರ್ ಇಲ್ಲದಿರುವುದೇ ಗೆಲುವಿನ ಗುಟ್ಟಾಗಿದ್ದರೆ, ಅವರಿಲ್ಲದೆ ಆಡಿದ ಜನವರಿಯಿಂದ ಮಾರ್ಚ್‌ವರೆಗಿನ ಆ ಒಂಬತ್ತು ಸೋಲುಗಳಿಗೆ ಏನು ಹೇಳುವುದು?

ಹಾಗಾಗಿ ಕೋಚ್ ಬಿಲ್ ಶರ್ಮನ್ ಕಡೆಗೆ ತಿರುಗಬೇಕು. ಹಿಂದಿನ ವರ್ಷ 48 ಪಂದ್ಯ ಗೆದ್ದಿದ್ದ ತಂಡಕ್ಕೆ ಮಾಲೀಕ ಜಾಕ್ ಕೆಂಟ್ ಕುಕ್ ಈ ಶರ್ಮನ್ ಅವರನ್ನು ಕರೆತಂದರು. ಎಬಿಎ ಎಂಬ ಪ್ರತಿಸ್ಪರ್ಧಿ ಲೀಗಿನಲ್ಲಿ ಯೂಟಾ ಸ್ಟಾರ್ಸ್ ತಂಡವನ್ನು ಶರ್ಮನ್ ಆಗತಾನೆ ಚಾಂಪಿಯನ್ ಮಾಡಿದ್ದರು. ಇನ್ನೊಂದು ಸಂಗತಿಯೂ ಇದೆ: ಅವರು ಬಾಸ್ಟನ್ ಸೆಲ್ಟಿಕ್ಸ್‌ನ ಹಳೆಯ ಆಟಗಾರ, ಸಹಾಯಕ ಕೋಚ್ ಕೆ.ಸಿ. ಜೋನ್ಸ್ ಕೂಡ ಅಲ್ಲಿಯವರೇ. 1959ರಿಂದ 1969ರ ನಡುವೆ ಏಳು ಫೈನಲ್‌ಗಳಲ್ಲಿ ತನ್ನನ್ನು ಸೋಲಿಸಿದ ಮನೆಯಿಂದಲೇ ಲೇಕರ್ಸ್ ಗುರುಗಳನ್ನು ತಂದಿತ್ತು.

ಆಟಗಾರನಾಗಿದ್ದಾಗ ಶರ್ಮನ್ ಪಂದ್ಯದ ದಿನ ಬೆಳಿಗ್ಗೆ ಕೈ ಸುಮ್ಮನಿರದೆ ಜಿಮ್‌ಗೆ ಹೋಗಿ ಬುಟ್ಟಿಗೆ ಚೆಂಡು ಎಸೆಯುತ್ತಿದ್ದರು. ಕೋಚ್ ಆದ ಮೇಲೆ ಆ ಸ್ವಂತ ಅಭ್ಯಾಸವನ್ನು ಇಡೀ ತಂಡಕ್ಕೆ ನಿಯಮ ಮಾಡಿದರು. ಇಂದು ಎನ್‌ಬಿಎ ತಂಡಗಳೆಲ್ಲ ‘ಶೂಟ್‌ಅರೌಂಡ್’ ಎಂದು ಕರೆಯುವ ಬೆಳಗಿನ ತಾಲೀಮು ಲೀಗಿನಲ್ಲಿ ಬೇರೂರಿದ್ದು ಈ ಸೀಸನ್‌ನಿಂದ. ರಾತ್ರಿ ನಿದ್ದೆ ಬಾರದೆ ಬೆಳಿಗ್ಗೆ ತಡವಾಗಿ ಏಳುವ, ತಂಡದ ಆಟಗಾರ ವಿಲ್ಟ್ ಚೇಂಬರ್ಲೇನ್ ಇದಕ್ಕೆ ಒಪ್ಪುತ್ತಾರೆಯೇ ಎಂಬುದು ಎಲ್ಲರ ಅನುಮಾನವಾಗಿತ್ತು. ಒಪ್ಪಿದರು.

ಅದಕ್ಕಿಂತ ದೊಡ್ಡ ಒಪ್ಪಿಗೆ ಅಂಕಣದೊಳಗಿನದು. 1961-62ರಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದ್ದ 7 ಅಡಿ 1 ಇಂಚಿನ ಈ ಆಟಗಾರ ಈಗ 14.8ಕ್ಕೆ ಇಳಿದರು. ತಮ್ಮ ಹಳೆಯ ಜೊತೆಗಾರ ಬಿಲ್ ರಸೆಲ್ ಸೆಲ್ಟಿಕ್ಸ್‌ನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಶರ್ಮನ್ ಈಗ ಚೇಂಬರ್ಲೇನ್ ಅವರಿಂದ ಬಯಸಿದರು: ಬುಟ್ಟಿಯ ಬಳಿ ಕಾವಲು ನಿಲ್ಲುವುದು, ಎಸೆತ ತಡೆಯುವುದು, ಹಲಗೆಗೆ ಬಡಿದು ಬಂದ ಚೆಂಡನ್ನು ಹಿಡಿದ ಕೂಡಲೇ ಪಕ್ಕಕ್ಕೆ ದಾಟಿಸುವುದು. ಅಲ್ಲಿ ಜೆರ್ರಿ ವೆಸ್ಟ್ ಇಲ್ಲವೇ ಗೇಲ್ ಗುಡ್ರಿಚ್ ಕಾದಿರುತ್ತಿದ್ದರು. ಎದುರಾಳಿ ತಿರುಗಿ ನಿಲ್ಲುವಷ್ಟರಲ್ಲಿ ಮ್ಯಾಕ್‌ಮಿಲಿಯನ್ ಇನ್ನೊಂದು ತುದಿ ಮುಟ್ಟಿರುತ್ತಿದ್ದರು. ಚೇಂಬರ್ಲೇನ್ ತಡೆಯಲು ಮೇಲೆದ್ದಾಗ ಖಾಲಿಯಾಗುವ ಜಾಗ ಹ್ಯಾಪಿ ಹೇರ್‌ಸ್ಟನ್ ಅವರದು. ಚೇಂಬರ್ಲೇನ್ ಪಂದ್ಯಕ್ಕೆ 19.2 ರೀಬೌಂಡ್‌ಗಳೊಂದಿಗೆ ಲೀಗಿನಲ್ಲೇ ಮೊದಲಿಗರಾದರೆ, ಹೇರ್‌ಸ್ಟನ್ 13.1 ಹಿಡಿದರು. ಗುಡ್ರಿಚ್ ಸರಾಸರಿ 25.9 ಅಂಕ, ವೆಸ್ಟ್ 25.8; ಜೊತೆಗೆ ಅಸಿಸ್ಟ್‌ಗಳಲ್ಲಿ (ಜೊತೆಗಾರನ ಅಂಕಕ್ಕೆ ದಾರಿಮಾಡಿದ ಪಾಸ್‌ಗಳಲ್ಲಿ) ಲೀಗಿಗೆ ವೆಸ್ಟ್ ಅವರೇ ಮೊದಲು. ತಂಡದ ಸರಾಸರಿ 121. ಇದೆಲ್ಲದರ ಬೆಲೆಯನ್ನೂ ಶರ್ಮನ್ ತೆತ್ತರು: ಆ ವರ್ಷ ಕೂಗಿ ಕೂಗಿ ಕೆಟ್ಟ ಗಂಟಲು ಮತ್ತೆ ಪೂರ್ತಿ ಸರಿಹೋಗಲಿಲ್ಲ.

ಎದುರಾಳಿಗಳು ದುರ್ಬಲರಾಗಿದ್ದರು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1966-67ರಲ್ಲಿ ಹತ್ತು ತಂಡಗಳಿದ್ದ ಎನ್‌ಬಿಎ 1970ರ ಹೊತ್ತಿಗೆ ಹದಿನೇಳಕ್ಕೆ ಬೆಳೆದಿತ್ತು. ಕ್ಲೀವ್‌ಲೆಂಡ್, ಬಫಲೊ, ಪೋರ್ಟ್‌ಲೆಂಡ್ ತಂಡಗಳಿಗೆ ಇದು ಎರಡನೆಯ ವರ್ಷ. ಎಬಿಎ ಕೂಡ ಪ್ರತಿಭೆಯನ್ನು ಸೆಳೆಯುತ್ತಿತ್ತು. ಮಾರ್ಚ್‌ನಲ್ಲಿ ಗೋಲ್ಡನ್ ಸ್ಟೇಟ್ ವಿರುದ್ಧ ಬಂದ 162-99ರಂಥ ಗೆಲುವಿನಲ್ಲಿ ಈ ಅಸಮತೋಲದ ಪಾಲೂ ಇದ್ದೀತು. ಆದರೆ ಮಿಕ್ಕ ಹದಿನಾರು ತಂಡಗಳಿಗೂ ಸಿಕ್ಕಿದ್ದು ಅದೇ ಲೀಗು. ಹಿಂದಿನ ವರ್ಷದ ಚಾಂಪಿಯನ್ ಮಿಲ್ವಾಕಿಯ ಸತತ ಗೆಲುವಿನ ದಾಖಲೆ 20 ಮಾತ್ರ.

ಪ್ಲೇಆಫ್ ಈ ವಾದಕ್ಕೆ ಇನ್ನೊಂದು ಪುರಾವೆ. ಶಿಕಾಗೊ ನಾಲ್ಕೇ ಪಂದ್ಯಕ್ಕೆ ಮುಗಿಯಿತು. ಕರೀಂ ಅಬ್ದುಲ್ ಜಬ್ಬಾರ್ ಅವರ ಮಿಲ್ವಾಕಿ ಮೊದಲ ಪಂದ್ಯದಲ್ಲಿ ಲೇಕರ್ಸ್ ತಂಡವನ್ನು ತವರಿನಲ್ಲೇ 72 ಅಂಕಗಳಿಗೆ ಕಟ್ಟಿಹಾಕಿತು. ಎರಡನೆಯದನ್ನು ಲೇಕರ್ಸ್ ಗೆದ್ದದ್ದು 135-134ರಿಂದ, ಸರಣಿಯನ್ನು 4-2ರಿಂದ. ಫೈನಲ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ವೆಸ್ಟ್ ಅವರ ಎಸೆತ ಕೈಕೊಟ್ಟಿತು. ಆದರೂ ತಂಡ 4-1ರಿಂದ ಗೆದ್ದಿತು. ಮೇ 7ರ ಕೊನೆಯ ಪಂದ್ಯದಲ್ಲಿ ಮಣಿಕಟ್ಟಿಗೆ ಪೆಟ್ಟಾಗಿದ್ದ ಚೇಂಬರ್ಲೇನ್ 24 ಅಂಕ, 29 ರೀಬೌಂಡ್ ಗಳಿಸಿ ಸರಣಿಶ್ರೇಷ್ಠರಾದರು. ಮುಖ್ಯ ಎಸೆತಗಾರ ಎಡವಿದಾಗಲೂ ಗೆಲ್ಲುವ ತಂಡದ ಬಲ ಅಂಕಪಟ್ಟಿಯಾಚೆ ಎಲ್ಲೋ ಇರಬೇಕು.

ಆ ಬಲವನ್ನು ಅಳೆಯಲು ಸಂಶೋಧಕರ ಕೈಯಲ್ಲಿ ಅಧಿಕೃತ ಅಂಕಿಅಂಶವೇ ಇಲ್ಲ. ಅಂಕ, ರೀಬೌಂಡ್, ಅಸಿಸ್ಟ್‌ಗಳ ಲೆಕ್ಕವಷ್ಟೇ ಇದ್ದುದರಿಂದ ಬೇಲರ್–ಮ್ಯಾಕ್‌ಮಿಲಿಯನ್ ಬದಲಾವಣೆ ಎದ್ದು ಕಂಡಿತು, ಚೇಂಬರ್ಲೇನ್ ಅವರ ಕಾವಲು ಕಾಣದೆ ಹೋಯಿತು. ತಡೆದ ಎಸೆತಗಳನ್ನು ಎನ್‌ಬಿಎ ಎಣಿಸತೊಡಗಿದ್ದು 1973-74ರಿಂದ. ಚೇಂಬರ್ಲೇನ್ ಕೊನೆಯ ಪಂದ್ಯ ಆಡಿದ್ದು 1973ರ ಮೇ ತಿಂಗಳಿನಲ್ಲಿ. ಲೀಗಿನ ಅಧಿಕೃತ ಲೆಕ್ಕದಲ್ಲಿ ಅವರ ಹೆಸರಿಗೆ ಒಂದು ಬ್ಲಾಕ್ ಕೂಡ ಇಲ್ಲ.