ಸಿಮಿ ದ್ವೀಪದ ಸ್ಪಂಜು

ಬೇಸಿಗೆ ರಜೆಗೆ ಗ್ರೀಸಿಗೆ ಹೋಗುವವರು ಸಾಮಾನ್ಯವಾಗಿ ಸ್ಯಾಂಟೊರಿನಿಯ ಬಿಳಿ ಗೋಡೆ, ನೀಲಿ ಗುಮ್ಮಟದ ಮುಂದೆ ಫೋಟೋ ತೆಗೆಸಿಕೊಂಡು ಬರ್ತಾರೆ. ನಾವು ಹೋಗಿದ್ದು ಪುಟ್ಟ ಸಿಮಿಗೆ. ರೋಡ್ಸ್‌ನಿಂದ ಹಡಗಿನಲ್ಲಿ ಒಂದು-ಒಂದೂವರೆ ಗಂಟೆ, ಟರ್ಕಿಯ ಕರಾವಳಿ ಕಣ್ಣಳತೆಯಲ್ಲೇ. ಬಂದರಿನಿಂದ ಗುಡ್ಡದ ನೆತ್ತಿಯವರೆಗೂ ಹಳದಿ, ಕಾವಿ, ತಿಳಿನೀಲಿ ಬಣ್ಣದ ಚೆಂದದ ಮನೆಗಳು. ಸುತ್ತ ನೋಡಿದ್ರೆ ಬರೀ ಬಂಡೆ, ನೀರೂ ಕಮ್ಮಿ. ಇಂಥಾ ಮನೆ ಕಟ್ಟೋಕೆ ದುಡ್ಡು ಎಲ್ಲಿಂದ ಬಂತು?

ಹಡಗು ಕಟ್ಟುವ ಕೆಲಸದಿಂದ ಸ್ವಲ್ಪ, ಬಹುಪಾಲು ಸ್ಪಂಜಿನಿಂದ! ಬಂದರಿನ ಅಂಗಡಿಗಳಲ್ಲಿ ಇವತ್ತೂ ಬುಟ್ಟಿ ತುಂಬ ಇಟ್ಟಿರ್ತಾರಲ್ಲ, ಅದೇ. (ಅದು ಗಿಡವಲ್ಲ, ಪ್ರಾಣಿ.)

ಮೊದಲು ಇಲ್ಲಿಯವರು ಚಪ್ಪಟೆ ಕಲ್ಲೊಂದನ್ನು ಹಿಡಿದು, ಉಸಿರು ಕಟ್ಟಿ ಮುಳುಗುತ್ತಿದ್ದರು. 1860ರ ದಶಕದಲ್ಲಿ ತಾಮ್ರದ ಶಿರಸ್ತ್ರಾಣದ ಉಡುಪು ಬಂತು. ದೋಣಿಯಿಂದ ಪಂಪಿನಲ್ಲಿ ಗಾಳಿ ಕಳಿಸ್ತಾರೆ, ಕೆಳಗಿದ್ದವನು ಆರಾಮಾಗಿ ಸ್ಪಂಜು ಕೀಳಬಹುದು. ಊರು ಶ್ರೀಮಂತವಾಯ್ತು. ಆದರೆ ಮೇಲೆ ಬಂದವರು ಕುಸಿದು ಬೀಳತೊಡಗಿದರು. ಎಷ್ಟೋ ಜನ ಸತ್ತರು, ಎಷ್ಟೋ ಜನರ ಕಾಲುಗಳ ಸ್ವಾಧೀನ ಹೋಯ್ತು.

ಕಾರಣ ಸರಳ. ಆಳದ ಒತ್ತಡದಲ್ಲಿ ಸಾರಜನಕ ರಕ್ತದಲ್ಲಿ ಕರಗಿರುತ್ತೆ. ಬೇಗ ಮೇಲೆ ಬಂದರೆ, ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳುತ್ತೆ. ಇದನ್ನು ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ಬರೆದಿದ್ದ. ಎಷ್ಟೆಷ್ಟು ನಿಧಾನಕ್ಕೆ ಮೇಲೇರಬೇಕು ಅನ್ನುವ ಲೆಕ್ಕವನ್ನು ಹಾಲ್ಡೇನ್ ಕೊಟ್ಟಿದ್ದು 1908ರಲ್ಲಿ. ನನಗೆ ಸಿಟ್ಟು ಬರೋದು ಇಲ್ಲೇ. ಉಡುಪು ಬಂದ ಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಲೆಕ್ಕವಿಲ್ಲದೆಯೇ ಜನರನ್ನು ಇಳಿಸಿದರು.

1900ರಲ್ಲಿ ಕ್ಯಾಪ್ಟನ್ ಕೊಂಟೋಸ್‌ನ ಸಿಮಿ ದೋಣಿ ಬಿರುಗಾಳಿಗೆ ಸಿಕ್ಕಿ ಆಂಟಿಕೈಥೆರಾ ದ್ವೀಪದ ಪಕ್ಕ ನಿಂತಿತ್ತು. ಅಲ್ಲಿ ನೀರಿಗಿಳಿದ ಸ್ಟಾಡಿಯಾಟಿಸ್ ಹೆದರಿ ಮೇಲೆ ಬಂದು, ಕೆಳಗೆ ಹೆಣಗಳೂ ಕುದುರೆಗಳೂ ರಾಶಿ ಬಿದ್ದಿವೆ ಅಂದನಂತೆ. ನೋಡಿದರೆ ಎರಡು ಸಾವಿರ ವರ್ಷದ ಹಿಂದೆ ಮುಳುಗಿದ ಹಡಗು. ಹೆಣ ಅಂದಿದ್ದು ಶಿಲ್ಪಗಳನ್ನು. ಅಲ್ಲಿಂದ ತಂದ ತುಕ್ಕು ಹಿಡಿದ ಮುದ್ದೆಯೊಂದರಲ್ಲಿ 1902ರಲ್ಲಿ ಹಲ್ಲಿನ ಚಕ್ರಗಳು ಕಂಡವು. ಗ್ರಹಣಗಳನ್ನು ಲೆಕ್ಕ ಹಾಕುತ್ತಿದ್ದ ಕಂಚಿನ ಯಂತ್ರ ಅದು! ಅಥೆನ್ಸಿನ ಮ್ಯೂಸಿಯಮ್ಮಿನಲ್ಲಿದೆ. ಸುಮಾರು 45 ಮೀಟರ್ ಆಳದಿಂದ ಅದನ್ನೆಲ್ಲ ಎತ್ತುವಾಗ ಒಬ್ಬ ಸತ್ತ, ಇಬ್ಬರು ಪಾರ್ಶ್ವವಾಯು ಪೀಡಿತರಾದರು.

1912ರಲ್ಲಿ ಇಟಲಿ ದ್ವೀಪವನ್ನು ಹಿಡಿಯಿತು, ಗ್ರೀಸಿಗೆ ಸೇರಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಜನ ವಲಸೆ ಹೋಗಿದ್ದರು, ಆಮೇಲೆ ಕೃತಕ ಸ್ಪಂಜೂ ಬಂತು. 20 ಸಾವಿರದಷ್ಟಿದ್ದ ಜನ ಈಗ ಮೂರು ಸಾವಿರದೊಳಗೆ. ಮೇಲಿನ ಊರಿಗೆ ಹತ್ತುವ ನೂರಾರು ಮೆಟ್ಟಿಲುಗಳ ಪಕ್ಕದ ಎಷ್ಟೋ ಮನೆಗಳಿಗೆ ಮುಂಗೋಡೆ ಮಾತ್ರ ಉಳಿದಿದೆ. ಒಳಗೆ ಅಂಜೂರದ ಗಿಡ ಬೆಳೆದಿದೆ.