ಅಮೃತಮಹಲ್ ಕಾವಲುಗಳ ಋತುನಿಯಮ

ಮಳೆ ಅಲ್ಪವಾದ ಮೈಸೂರು ಸೀಮೆಯ ಬಯಲುನಾಡಿನಲ್ಲಿ ಪಶುಪಾಲಕರ ಜೀವನಕ್ಕೆ ಹುಲ್ಲೇ ಆಧಾರ. ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಅರಮನೆಯ ರಾಸುಗಳಿಗಾಗಿ ‘ಬೆಣ್ಣೆಚಾವಡಿ’ಯನ್ನು ಸ್ಥಾಪಿಸಿ ಅದಕ್ಕೆ ಕಾವಲುಗಳನ್ನು ಬಿಟ್ಟುಕೊಟ್ಟರು, ಟಿಪ್ಪುಸುಲ್ತಾನನ ಕಾಲದಲ್ಲಿ ಅದಕ್ಕೆ ‘ಅಮೃತಮಹಲ್’ ಎಂಬ ಹೆಸರಾಯಿತು. ಈ ರಾಸುಗಳು ಫಿರಂಗಿಗಳನ್ನೆಳೆದ ಸಂಗತಿ ಪ್ರಸಿದ್ಧವಾದುದೇ. ಅವುಗಳ ಬಲಕ್ಕೆ ಮೂಲವಾದ ಕಾವಲಿನ ಕಟ್ಟಳೆ ಅಷ್ಟೇ ಗಮನಾರ್ಹವಾದುದು. ಕಾವಲುಗಳು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆ. ನೀರೂ ನೆರಳೂ ಉಳ್ಳವು ಬೇಸಗೆಗೆ ಮೀಸಲು. ಮಂದೆಯು ಒಂದನ್ನು ಬಿಟ್ಟು ಮತ್ತೊಂದಕ್ಕೆ ನಡೆದಾಗ, ಬಿಟ್ಟ ನೆಲದಲ್ಲಿ ಹುಲ್ಲು ಚಿಗುರಿ ಬೀಜಗಟ್ಟುತ್ತಿತ್ತು. ಅದರ ಬೇರು ಮಣ್ಣನ್ನು ಹಿಡಿದಿರುತ್ತಿತ್ತು.

೧೮೬೦ರಲ್ಲಿ ಮಿತವ್ಯಯಕ್ಕಾಗಿ ಸರ್ಕಾರವು ಮಂದೆಗಳನ್ನು ಮಾರಿಬಿಟ್ಟಿತು. ೧೮೬೬ರಲ್ಲಿ ಅವನ್ನು ಮರಳಿ ಕೂಡಿಸಬೇಕಾಯಿತು. ಕೈಬಿಟ್ಟ ನೆಲವು ಹಾಗೆ ಮರಳಿ ಬರುವಂತಹುದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅನೇಕ ಕಾವಲುಗಳು ಸಾಗುವಳಿಗೂ ಇತರ ಕಾರ್ಯಗಳಿಗೂ ಹಂಚಿಹೋದುವು. ೨೦೦೯ರ ತರುವಾಯ ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ ಕಾವಲುಗಳ ಭೂಮಿಯೂ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಸಂದಿತು. ಅಲ್ಲಿ ಕುರಿ ಸಾಕಿ ಕಂಬಳಿ ನೇಯುವ ಬಡಜನರು ಉಳಿದ ತುಂಡುನೆಲದಲ್ಲಿಯೇ ವರ್ಷವಿಡೀ ಮೇಯಿಸಬೇಕಾದರೆ ಹುಲ್ಲಿಗೆ ಬಿಡುವಿಲ್ಲ, ನೆಲ ಬರಡಾಗುವುದು. ಆ ಬರಡಿಗೆ ಮಂದೆಯನ್ನು ದೂರುವ ಮುನ್ನ, ನೆಲಕ್ಕೆ ಬಿಡುವು ಕೊಡುತ್ತಿದ್ದ ಪೂರ್ವದ ಕಟ್ಟಳೆ ಏಕೆ ಮುರಿಯಿತೆಂದು ವಿಚಾರಿಸುವುದು ಯುಕ್ತ.